ಸ್ವಿಚ್ಚು ಯಾರ ಮನೆಯಲ್ಲಿದೆ?

ಹೋದ ವರ್ಷದ ಆಷಾಢದಲ್ಲಿ ಒಂದು ರಾತ್ರಿ ಅಮ್ಮ ತಿಪಟೂರಿನ ಮನೆಯಲ್ಲಿ ಬಿದ್ದಳು. ಎರಡು ಗಂಟೆ ಹೊತ್ತಿಗೆ ಎದ್ದು ಹಿತ್ತಿಲ ಕಡೆಯ ಬಚ್ಚಲಿಗೆ ಹೊರಟಿದ್ದಾಳೆ. ಅಡುಗೆಮನೆ ದಾಟಿದ ಮೇಲೆ ಓಣಿಯಂಥ ಒಂದು ಕಿರಿದಾದ ಜಾಗ, ಅದರ ಕೊನೆಗೆ ಎರಡು ಮೆಟ್ಟಿಲು. ಅಲ್ಲಿ ಕಾಲಿಟ್ಟ ತಕ್ಷಣ ದೀಪ ತಾನೇ ಹೊತ್ತಿಕೊಳ್ಳಬೇಕು. ಆ ರಾತ್ರಿ ಹೊತ್ತಿಕೊಳ್ಳಲಿಲ್ಲ. ಮಳೆಗಾಳಿಗೆ ತೆಂಗಿನ ಗರಿ ಬಿದ್ದು ಬೀದಿಯ ಇಂಟರ್‌ನೆಟ್ ಕೇಬಲ್ ಹರಿದುಹೋಗಿತ್ತು. ಕರೆಂಟು ಮಾತ್ರ ಇತ್ತು. ಫ್ರಿಜ್ ಓಡುತ್ತಿತ್ತು, ದೇವರ ಮನೆಯ ಚಿಕ್ಕ ಬಲ್ಬು ಉರಿಯುತ್ತಿತ್ತು. ಅಮ್ಮ ಎರಡನೇ ಮೆಟ್ಟಿಲು ತಪ್ಪಿದಳು. ಬಲಗೈ ಮಣಿಕಟ್ಟಿನ ಮೂಳೆ ಬಿರುಕುಬಿಟ್ಟು ಆರು ವಾರ ಪ್ಲಾಸ್ಟರ್.

ಮೈಸೂರಿನ ಹಾಸ್ಟೆಲಿನಿಂದ ಮಾರನೆಯ ದಿನ ಓಡಿಬಂದ ನಾನು ಆ ಓಣಿಯ ಸ್ವಿಚ್ ಬೋರ್ಡ್ ನೋಡಿದೆ. ಸ್ವಿಚ್ಚು ಅಲ್ಲೇ ಇತ್ತು, ಅಮ್ಮನ ಕೈಗೆ ಎಟಕುವ ಎತ್ತರದಲ್ಲಿ. ಅದರ ಮೇಲೆ ಅಡ್ಡಲಾಗಿ ಟೇಪು ಅಂಟಿಸಿತ್ತು. ಅಂಟಿಸಿದವನು ಅಣ್ಣ. ಅಪ್ಪ ಹೋದ ಮೇಲೆ ಅಮ್ಮ ಒಬ್ಬಳೇ ಆದಳೆಂದು ನ್ಯೂಜೆರ್ಸಿಯಿಂದ ಬರುವಾಗ ಒಂದು ಸ್ಮಾರ್ಟ್ ಹೋಮ್ ಹಬ್ ತಂದು, ಇಲ್ಲೇ ಸ್ಮಾರ್ಟ್ ಬಲ್ಬುಗಳನ್ನೂ ಸೆನ್ಸರುಗಳನ್ನೂ ಕೊಂಡು ಎಲ್ಲವನ್ನೂ ಜೋಡಿಸಿದ್ದ. ಗೋಡೆಯ ಸ್ವಿಚ್ಚು ಆಫ್ ಆದರೆ ಬಲ್ಬಿಗೆ ಕರೆಂಟೇ ಹೋಗುವುದಿಲ್ಲ, ಹಬ್ಬಿನ ಮಾತು ಅದಕ್ಕೆ ಕೇಳಿಸುವುದಿಲ್ಲ. ಅದಕ್ಕೇ ಟೇಪು. ಆ ರಾತ್ರಿ ಸ್ವಿಚ್ಚನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದ್ದರೆ ಸಾಕಿತ್ತು, ಬಲ್ಬು ಸಾದಾ ಬಲ್ಬಿನಂತೆ ಹೊತ್ತಿಕೊಳ್ಳುತ್ತಿತ್ತು ಎಂದು ಆಮೇಲೆ ಗೊತ್ತಾಯಿತು.

“ಟೇಪು ಕಿತ್ತು ಹಾಕಬಹುದಿತ್ತಲ್ಲಮ್ಮ” ಎಂದೆ.

“ಮುಟ್ಟಬೇಡ ಅಂತ ನಿಮ್ಮಣ್ಣ ಹೇಳಿದ್ನಲ್ಲ” ಎಂದಳು.

ಅಣ್ಣ ಫೋನಿನಲ್ಲಿ ತುಂಬ ನೊಂದುಕೊಂಡ. ಆ ಹಬ್ಬೇ ಸರಿಯಿಲ್ಲ, ಬೇರೆ ಕೊಂಡುಬಿಡೋಣ, ಊರಿಗೆ ಹೋಗಿಬಂದು ಮಾಡುವವಳು ನೀನು, ನೀನೇ ಆರಿಸು ಎಂದು ನಾಲ್ಕು ಹೆಸರು ಕಳಿಸಿದ. ಅವುಗಳ ವಿಮರ್ಶೆಗಳನ್ನು ಓದಿದೆ. ಎಷ್ಟು ಉಪಕರಣ ಜೋಡಿಸಬಹುದು, ಎಷ್ಟು ಬಗೆಯ ರೇಡಿಯೋ ಇದೆ, ಬೆಲೆ ಎಷ್ಟು ಎಂಬುದೆಲ್ಲ ಇತ್ತು. ಇಂಟರ್‌ನೆಟ್ ಹೋದ ರಾತ್ರಿ ಏನಾಗುತ್ತದೆ ಎಂಬುದು ಹೆಚ್ಚಿನವುಗಳಲ್ಲಿ ಇರಲಿಲ್ಲ. ನನ್ನ ಪಿಎಚ್.ಡಿ. ವಿಷಯ ಮೈಸೂರು ಸಂಸ್ಥಾನದ ವಿದ್ಯುತ್ತಿನ ಇತಿಹಾಸ. ಹೊಸದನ್ನು ನಂಬುವ ಮೊದಲು ಅದರ ಹಿಂದಿನವರೆಲ್ಲ ಏನಾದರು ಎಂದು ನೋಡುವುದು ನಮ್ಮ ಕಸುಬಿನ ಅಭ್ಯಾಸ. ಹಾಗಾಗಿ ಅಣ್ಣನ ಪಟ್ಟಿಯನ್ನು ಬದಿಗಿಟ್ಟು ಹಳೆಯ ಹಬ್ಬುಗಳ ಕತೆ ಹುಡುಕಲು ಕೂತೆ.

ಹಬ್ ಎಂದರೇನು ಎಂದು ಮೊದಲು ಹೇಳಿಬಿಡಬೇಕು. ಬಲ್ಬು, ಬಾಗಿಲಿನ ಸೆನ್ಸರ್, ಫ್ಯಾನು, ಬೀಗ ಎಲ್ಲವೂ ಒಂದೇ ಭಾಷೆ ಆಡುವುದಿಲ್ಲ. ಒಂದಕ್ಕೆ ವೈಫೈ, ಇನ್ನೊಂದಕ್ಕೆ ಜಿಗ್‌ಬೀ, ಮತ್ತೊಂದಕ್ಕೆ ಜೀ-ವೇವ್. ಇವೆಲ್ಲವನ್ನೂ ಅರ್ಥಮಾಡಿಕೊಂಡು, ಸೆನ್ಸರ್ ಹೇಳಿದ್ದನ್ನು ಬಲ್ಬಿಗೆ ಮುಟ್ಟಿಸಿ, ಎಷ್ಟು ಹೊತ್ತಿಗೆ ಏನಾಗಬೇಕೆಂಬ ಲೆಕ್ಕ ಇಟ್ಟುಕೊಳ್ಳುವ ಚಿಕ್ಕ ಪೆಟ್ಟಿಗೆಯೇ ಹಬ್. ಹಳೆಯ ಕಾಲದ ಊರಿನಲ್ಲಿ ಶಾನುಭೋಗರು ಇದ್ದಂತೆ. ಶಾನುಭೋಗರು ಊರಲ್ಲೇ ಇದ್ದರೆ ಸರಿ. ಅವರು ಬೇರೆ ಊರಲ್ಲಿ ಕೂತು, ದಾರಿ ಕಡಿದುಹೋದಾಗ ನಮ್ಮೂರಿನ ಲೆಕ್ಕವೇ ನಿಂತುಹೋಗುವಂತಾದರೆ?

ಇಲ್ಲಿ ನನ್ನ ಪ್ರಬಂಧದ ವಿಷಯವೇ ನೆನಪಿಗೆ ಬಂತು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು, ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸುವುದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡುವ ಸಾಹಸ. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಪೇಟೆಯಲ್ಲಿ ವಿದ್ಯುತ್ ದೀಪಗಳು ಹೊತ್ತಿಕೊಂಡವು. ಅಲ್ಲಿಯವರೆಗೆ ಮನೆಯ ಬೆಳಕು ಮನೆಯೊಳಗೇ ಹುಟ್ಟುತ್ತಿತ್ತು. ಎಣ್ಣೆ, ಬತ್ತಿ, ಕಡ್ಡಿಪೆಟ್ಟಿಗೆ ಮೂರೂ ಮನೆಯಲ್ಲೇ ಇರುತ್ತಿದ್ದವು. ವಿದ್ಯುತ್ತು ಬಂದಾಗ ಬೆಳಕಿನ ಮೂಲ ಮೊದಲ ಬಾರಿಗೆ ಹೊಸ್ತಿಲು ದಾಟಿ ಕಾವೇರಿಯ ದಡಕ್ಕೆ ಹೋಯಿತು. ನದಿಯಲ್ಲಿ ನೀರು ಕಮ್ಮಿಯಾದರೆ, ದಾರಿಯಲ್ಲಿ ಕಂಬ ಬಿದ್ದರೆ ದೂರದ ಊರಿನಲ್ಲಿ ಕತ್ತಲು. ಈ ಅವಲಂಬನೆಯನ್ನು ನಮ್ಮ ಹಿರಿಯರು ಒಪ್ಪಿಕೊಂಡರು. ಅದರಿಂದ ಸಿಕ್ಕಿದ್ದು ಅಷ್ಟು ದೊಡ್ಡದು.

ಆದರೆ ಆಗಲೂ ಒಂದು ಮನೆಯಲ್ಲೇ ಉಳಿದಿತ್ತು: ಸ್ವಿಚ್ಚು. ಕರೆಂಟು ಬರುವುದು ಎಲ್ಲಿಂದಲೋ ಇರಲಿ, ಬಂದ ಕರೆಂಟಿನಿಂದ ಈಗ ದೀಪ ಹೊತ್ತಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮನೆಯವರ ಬೆರಳು. ಅಮ್ಮ ಬಿದ್ದ ರಾತ್ರಿ ಆಗಿದ್ದು ಬೇರೆ. ಕರೆಂಟು ಮನೆಯಲ್ಲೇ ಇತ್ತು, ಬಲ್ಬು ಮನೆಯಲ್ಲೇ ಇತ್ತು, ಹಬ್ಬೂ ಮನೆಯಲ್ಲೇ ಇತ್ತು. ತೀರ್ಮಾನ ಮಾತ್ರ ಸಮುದ್ರದಾಚೆಯ ಸರ್ವರಿನಲ್ಲಿತ್ತು. ಸ್ವಿಚ್ಚು ಯಾವಾಗ ಮನೆ ಬಿಟ್ಟು ಹೊರಟಿತು ಎಂಬುದೇ ನಾನು ಹುಡುಕಬೇಕಾದ ಇತಿಹಾಸ ಎನಿಸಿತು.

ಮನೆಗೆ ಒಂದು ಮಿದುಳು ಇರಲಿ ಎಂಬ ಆಸೆ ನಾವು ತಿಳಿದಿರುವುದಕ್ಕಿಂತ ಹಳೆಯದು. 1966ರ ಹೊತ್ತಿಗೆ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರ್ ಜಿಮ್ ಸದರ್ಲೆಂಡ್ ತನ್ನ ಮನೆಯ ನೆಲಮಾಳಿಗೆಯಲ್ಲಿ ಎಕೋ-4 ಎಂಬ ಕಂಪ್ಯೂಟರ್ ಕಟ್ಟಿದ. ಕಾರ್ಖಾನೆಗಳಿಗೆಂದು ತಯಾರಾಗಿ ಮಿಕ್ಕುಳಿದ ಬಿಡಿಭಾಗಗಳೇ ಅದರ ಬಂಡವಾಳ. ತೂಕ ಸುಮಾರು 360 ಕಿಲೋ. ಮನೆಯ ಗಡಿಯಾರಗಳನ್ನು ನಡೆಸುವುದು, ಟಿವಿಯ ಮೇಲೆ ಹಿಡಿತ, ಮನೆಖರ್ಚಿನ ಲೆಕ್ಕ ಇವೆಲ್ಲ ಅದರ ಕೆಲಸ. ಅದು ಮಾರಾಟಕ್ಕೆ ಬರಲೇ ಇಲ್ಲ. ಕಟ್ಟಿದವನು ಇದ್ದ ಮನೆಗೆ ಮಾತ್ರ ಸಲ್ಲುವ ಯಂತ್ರ ಅದು. ಕೆಟ್ಟರೆ ರಿಪೇರಿ ಮಾಡುವವನು ಮಹಡಿಯ ಮೇಲೆಯೇ ಮಲಗಿರುತ್ತಿದ್ದ.

1969ರಲ್ಲಿ ನೀಮನ್ ಮಾರ್ಕಸ್ ಎಂಬ ಶ್ರೀಮಂತರ ಅಂಗಡಿಯ ಕ್ಯಾಟಲಾಗಿನಲ್ಲಿ ಹನಿವೆಲ್ ಕಂಪನಿಯ ‘ಕಿಚನ್ ಕಂಪ್ಯೂಟರ್’ ಕಾಣಿಸಿಕೊಂಡಿತು. ಬೆಲೆ 10,600 ಡಾಲರ್. ಅಡುಗೆಯ ಪಾಕವಿಧಾನಗಳನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಅದನ್ನು ಬಳಸಬೇಕಾದ ಗೃಹಿಣಿ ಮೊದಲು ಎರಡು ವಾರ ಪ್ರೋಗ್ರಾಮಿಂಗ್ ಕಲಿಯಬೇಕು, ಆಮೇಲೆ ಸಾಲು ಸಾಲು ಗುಂಡಿಗಳನ್ನು ಒತ್ತಿ ದೀಪಗಳ ಮಿಣುಕನ್ನು ಓದಿ ಸಾರು ಮಾಡಬೇಕು. ಯಾರಾದರೂ ಒಬ್ಬರು ಕೊಂಡರೆಂಬುದಕ್ಕೆ ದಾಖಲೆಯೇ ಇಲ್ಲ. ಇದನ್ನು ಓದಿ ನಕ್ಕೆ, ಆಮೇಲೆ ನಗು ನಿಂತಿತು. ಅಡುಗೆಮನೆಯಲ್ಲಿ ನಿಂತವರನ್ನು ಒಂದು ಮಾತೂ ಕೇಳದೆ ಅವರಿಗಾಗಿ ಮಾಡಿದ ಯಂತ್ರ ಅದು. ನಾವೂ ಅಮ್ಮನನ್ನು ಕೇಳಿರಲಿಲ್ಲ.

ನಿಜವಾಗಿ ಜನರ ಮನೆ ಸೇರಿದ ಮೊದಲ ವ್ಯವಸ್ಥೆ ಸ್ಕಾಟ್ಲೆಂಡಿನದು. ಗ್ಲೆನ್‌ರಾಥೆಸ್ ಎಂಬ ಊರಿನ ಪೀಕೋ ಎಲೆಕ್ಟ್ರಾನಿಕ್ಸ್ ಎಂಬ ಚಿಕ್ಕ ಕಂಪನಿ ಕ್ಯಾಲ್ಕುಲೇಟರುಗಳಿಗೆ ಚಿಪ್ ಮಾಡುತ್ತಿತ್ತು. ತಮ್ಮ ಒಂದೊಂದು ಯೋಜನೆಗೂ ಎಕ್ಸ್ ಅಕ್ಷರದ ಮುಂದೆ ಒಂದೊಂದು ಸಂಖ್ಯೆ ಕೊಟ್ಟುಕೊಂಡು ಹೋದರು. 1975ರಲ್ಲಿ ಹತ್ತನೆಯದು ಶುರುವಾಯಿತು. ಅದೇ ಎಕ್ಸ್-10. 1978ರಲ್ಲಿ ಅದು ಅಮೆರಿಕದ ಅಂಗಡಿಗಳಲ್ಲಿ ಮಾರಾಟಕ್ಕೆ ಬಂತು.

ಎಕ್ಸ್-10ರ ಉಪಾಯ ಸರಳವಾಗಿತ್ತು. ಮನೆಯ ಗೋಡೆಗಳೊಳಗೆ ಈಗಾಗಲೇ ಇರುವ ಕರೆಂಟಿನ ತಂತಿಯ ಮೇಲೆಯೇ ಆಜ್ಞೆಯನ್ನೂ ಕಳಿಸುವುದು. ಕರೆಂಟಿನ ಅಲೆ ಮೇಲಕ್ಕೂ ಕೆಳಕ್ಕೂ ಹೊಯ್ದಾಡುವಾಗ ಪ್ರತಿ ಸಲ ಸೊನ್ನೆಯನ್ನು ದಾಟುತ್ತದಲ್ಲ, ಆ ಸದ್ದಿಲ್ಲದ ಗಳಿಗೆಯಲ್ಲಿ 120 ಕಿಲೋಹರ್ಟ್ಸಿನ ಒಂದು ಚಿಕ್ಕ ಸಂಕೇತವನ್ನು ಸೇರಿಸುತ್ತಿದ್ದರು. ಒಂದು ಮನೆಗೆ 16 ಅಕ್ಷರಗಳಲ್ಲಿ ಒಂದು, ಒಂದು ಉಪಕರಣಕ್ಕೆ 16 ಸಂಖ್ಯೆಗಳಲ್ಲಿ ಒಂದು. ಒಟ್ಟು 256 ವಿಳಾಸ. ದೋಷಗಳೂ ಇದ್ದವು. ಒಂದೇ ಟ್ರಾನ್ಸ್‌ಫಾರ್ಮರಿಗೆ ಸೇರಿದ ಪಕ್ಕದ ಮನೆಯವರು ಅದೇ ಅಕ್ಷರ ಇಟ್ಟುಕೊಂಡಿದ್ದರೆ ಅವರು ಗುಂಡಿ ಒತ್ತಿದಾಗ ಇವರ ಮನೆಯ ದೀಪ ಹೊತ್ತಿಕೊಳ್ಳುವ ಸಾಧ್ಯತೆ ಇತ್ತು. ಗುಟ್ಟು ಕಾಪಾಡುವ ಬೀಗವೇನೂ ಅದರಲ್ಲಿರಲಿಲ್ಲ. ಆದರೂ ದಶಕಗಳ ಕಾಲ ಜನ ಅದನ್ನು ಬಳಸಿದರು. ಅದು ಮಾತಾಡುತ್ತಿದ್ದದ್ದು ಮನೆಯ ತಂತಿಯ ಮೇಲೆ. ಮಾಡಿದ ಕಂಪನಿ ಬಾಗಿಲು ಹಾಕಿದರೂ ತಂತಿ ಮನೆಯಲ್ಲೇ ಇರುತ್ತದೆ.

ಆಮೇಲೆ ರೇಡಿಯೋ ಬಂತು. ಡೆನ್ಮಾರ್ಕಿನ ಜೆನ್ಸಿಸ್ ಕಂಪನಿಯ ಜೀ-ವೇವ್, 2004ರಲ್ಲಿ ನಿಯಮಗಳು ಸಿದ್ಧವಾದ ಜಿಗ್‌ಬೀ. ಜೇನುಹುಳು ಗೂಡಿಗೆ ಮರಳಿ ಹೂವಿರುವ ದಿಕ್ಕನ್ನು ಕುಣಿದು ತೋರಿಸುತ್ತದಲ್ಲ, ಆ ಕುಣಿತದಿಂದ ಬಂದ ಹೆಸರು ಜಿಗ್‌ಬೀ. ಒಂದು ಬಲ್ಬು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಸುದ್ದಿ ದಾಟಿಸುತ್ತಾ ಹೋಗುವುದರಿಂದ ಹಿತ್ತಿಲ ಮೂಲೆಗೂ ಮಾತು ತಲುಪುತ್ತದೆ. ಅಣ್ಣನ ಪಟ್ಟಿಯಲ್ಲಿದ್ದ ಎರಡು ಹೆಸರು ಇಲ್ಲಿಗೇ ಬಿದ್ದುಹೋದವು. ಅವು ಅಮೆರಿಕಕ್ಕೆಂದು ಮಾಡಿದ ಜೀ-ವೇವ್ ಹಬ್ಬುಗಳು. ಜೀ-ವೇವ್ ಅಮೆರಿಕದಲ್ಲಿ 908 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ, ಯುರೋಪಿನಲ್ಲಿ 868ರಲ್ಲಿ, ಭಾರತದಲ್ಲಿ 865ರಲ್ಲಿ ಮಾತಾಡುತ್ತದೆ. ಅಲ್ಲಿಂದ ಸೂಟ್‌ಕೇಸಿನಲ್ಲಿ ತಂದ ಹಬ್ಬಿಗೂ ಇಲ್ಲಿ ಕೊಂಡ ಸ್ವಿಚ್ಚಿಗೂ ಒಂದರ ಮಾತು ಒಂದಕ್ಕೆ ಕೇಳಿಸುವುದಿಲ್ಲ. ಜಿಗ್‌ಬೀ ಬಳಸುವುದು ಎಲ್ಲ ದೇಶಗಳಲ್ಲೂ ಒಂದೇ ಆದ 2.4 ಗಿಗಾಹರ್ಟ್ಸ್, ಆದ್ದರಿಂದ ಆ ತಾಪತ್ರಯವಿಲ್ಲ. ವಿದೇಶದಲ್ಲಿರುವ ಮಕ್ಕಳು ಊರಿನ ಮನೆಗೆ ಇಂಥದ್ದನ್ನು ತರುವ ಮೊದಲು ಇದೊಂದನ್ನು ನೋಡಿಕೊಂಡರೆ ದುಡ್ಡು ಉಳಿಯುತ್ತದೆ.

ಇಲ್ಲಿಯವರೆಗೂ ಸ್ವಿಚ್ಚು ಮನೆಯೊಳಗೇ ಇತ್ತು. ಅದು ಹೊರಟದ್ದು 2010ರ ದಶಕದಲ್ಲಿ. ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದಿತ್ತು. ಆಫೀಸಿನಲ್ಲಿ ಕೂತು ಮನೆಯ ದೀಪ ಆರಿಸಬೇಕು ಎಂಬ ಆಸೆ ಸಹಜವಾದದ್ದೇ. ಅದಕ್ಕೆ ಕಂಪನಿಗಳು ಕಂಡುಕೊಂಡ ಸುಲಭದ ದಾರಿ, ಮನೆಯ ಸುದ್ದಿಯನ್ನೆಲ್ಲ ತಮ್ಮ ಸರ್ವರಿಗೆ ತರಿಸಿಕೊಂಡು ಅಲ್ಲಿಂದ ಆಜ್ಞೆ ಕಳಿಸುವುದು. ಪೆಟ್ಟಿಗೆ ಮನೆಯಲ್ಲಿ, ಬುದ್ಧಿ ಕಂಪನಿಯಲ್ಲಿ. ಫೋನು ಒತ್ತುವವರಿಗೆ ವ್ಯತ್ಯಾಸ ಕಾಣಿಸಲಿಲ್ಲ. ಕಂಪನಿಗೆ ಏನಾದರೂ ಆದಾಗಲೇ ಅದು ಕಾಣಿಸಿದ್ದು.

ರಿವಾಲ್ವ್ ಎಂಬ ಹಬ್ಬಿಗೆ 299 ಡಾಲರ್ ಬೆಲೆ, ಸೇವೆ ಜೀವಮಾನದವರೆಗೆ ಉಚಿತ ಎಂಬ ಮಾತು. 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಆ ಕಂಪನಿಯನ್ನು ಕೊಂಡಿತು. 2016ರ ಮೇ 15ರಂದು ಸೇವೆ ನಿಂತಿತು. ಕೆಟ್ಟಿರದ, ಒಡೆದಿರದ ಪೆಟ್ಟಿಗೆಗಳು ಒಂದೇ ದಿನ ನಿರುಪಯುಕ್ತವಾದವು. ‘ಜೀವಮಾನ’ ಎಂದದ್ದು ಯಾರ ಜೀವಮಾನ ಎಂದು ಕೊಳ್ಳುವಾಗ ಯಾರೂ ಕೇಳಿರಲಿಲ್ಲ. 2020ರ ಮೇ ತಿಂಗಳಲ್ಲಿ ವಿಂಕ್ ಎಂಬ ಕಂಪನಿ, ಇನ್ನು ಮುಂದೆ ತಿಂಗಳಿಗೆ 4.99 ಡಾಲರ್ ಕಟ್ಟದಿದ್ದರೆ ನಿಮ್ಮದೇ ಉಪಕರಣಗಳನ್ನು ನಮ್ಮ ಆ್ಯಪ್‌ನಿಂದ ನಡೆಸಲಾಗದು ಎಂದು ಒಂದು ವಾರದ ಗಡುವು ಕೊಟ್ಟಿತು. ಗಲಾಟೆಯಾದ ಮೇಲೆ ಗಡುವು ಮುಂದಕ್ಕೆ ಹೋಯಿತು.

2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆ ಇಲ್ಲದೆ ಸತ್ತವು. ಇದರ ಕತೆ ಸ್ವಲ್ಪ ಬೇರೆ. ಎಕ್ಸ್-10ರ ದಾಯಾದಿಯಂತಿದ್ದ ಇದು ಕರೆಂಟಿನ ತಂತಿಯ ಮೇಲೂ ರೇಡಿಯೋದಲ್ಲೂ ಮಾತಾಡುತ್ತಿತ್ತು. ಕಂಪನಿ ಮುಳುಗಿದರೂ ಗೋಡೆಯ ಸ್ವಿಚ್ಚುಗಳು ಸ್ವಿಚ್ಚುಗಳಾಗಿಯೇ ಉಳಿದವು. ಬಳಕೆದಾರರಲ್ಲಿ ತಿಳಿದವರು ತಮ್ಮದೇ ಕಂಪ್ಯೂಟರನ್ನು ನೇರವಾಗಿ ಅವಕ್ಕೆ ಜೋಡಿಸಿಕೊಂಡರು. ಎರಡು ತಿಂಗಳಲ್ಲಿ ಕೆಲವು ಬಳಕೆದಾರರೇ ಸೇರಿ ಅದನ್ನು ಕೊಂಡು ಸರ್ವರುಗಳಿಗೆ ಮತ್ತೆ ಜೀವ ಕೊಟ್ಟರು.

ಹಾಗೆ ಜೋಡಿಸಿಕೊಳ್ಳಲು ಅನೇಕರು ಬಳಸಿದ್ದು ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶ. 2013ರಲ್ಲಿ ಪೌಲುಸ್ ಸ್ಕೌಟ್ಸನ್ ಎಂಬಾತ, ಆಗಷ್ಟೇ ಬಂದಿದ್ದ ಫಿಲಿಪ್ಸ್ ಹ್ಯೂ ಬಲ್ಬುಗಳು ಸೂರ್ಯ ಮುಳುಗುವ ಹೊತ್ತಿಗೆ ಹೊತ್ತಿಕೊಳ್ಳಲಿ ಎಂದು ಬರೆಯತೊಡಗಿದ ಪ್ರೋಗ್ರಾಂ ಅದು. ಸಂಜೆ ದೀಪ ಹಚ್ಚುವುದೇ ಅದರ ಮೊದಲ ಕೆಲಸ ಎಂದು ಓದಿದಾಗ ಅಮ್ಮನ ನೆನಪಾಯಿತು. ಇದನ್ನು ಮನೆಯಲ್ಲೇ ಒಂದು ಚಿಕ್ಕ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು. ಮನೆಯ ತೀರ್ಮಾನ ಮನೆಯಲ್ಲೇ ಆಗುತ್ತದೆ. ದೊಡ್ಡ ಕಂಪನಿಗಳೂ ಈ ದಾರಿಗೆ ಬಂದವು. 2019ರ ಕೊನೆಯಲ್ಲಿ ಅಮೆಜಾನ್, ಆ್ಯಪಲ್, ಗೂಗಲ್ ಮತ್ತು ಜಿಗ್‌ಬೀ ಕೂಟ ಸೇರಿ ಕೈಗೆತ್ತಿಕೊಂಡ ಕೆಲಸದಿಂದ 2022ರ ಅಕ್ಟೋಬರಿನಲ್ಲಿ ಮ್ಯಾಟರ್ ಎಂಬ ಸಮಾನ ಭಾಷೆ ಹೊರಬಂತು. ಆ ಭಾಷೆಯಲ್ಲಿ ಆಜ್ಞೆಗಳು ಮನೆಯ ಜಾಲದೊಳಗೇ ಓಡಾಡಬಹುದು. ಹೊರಟುಹೋಗಿದ್ದ ಸ್ವಿಚ್ಚು ನಿಧಾನವಾಗಿ ಮನೆಯ ಕಡೆ ಹೆಜ್ಜೆ ಹಾಕುತ್ತಿದೆ ಎನ್ನಬಹುದು.

ಇಷ್ಟಾದ ಮೇಲೆ ಆರಿಸುವುದು ಕಷ್ಟವಾಗಲಿಲ್ಲ. ಸತ್ತ ಹಬ್ಬುಗಳೇ ನನಗೆ ಮೂರು ಪರೀಕ್ಷೆ ಹೇಳಿಕೊಟ್ಟಿದ್ದವು. ಇಂಟರ್‌ನೆಟ್ ಕಿತ್ತರೆ ದೀಪ ಹೊತ್ತಬೇಕು. ಹಬ್ಬನ್ನೇ ಕಿತ್ತಿಟ್ಟರೂ ಗೋಡೆಯ ಸ್ವಿಚ್ಚಿನಿಂದ ಹೊತ್ತಬೇಕು. ಮಾಡಿದ ಕಂಪನಿ ನಾಳೆ ಇಲ್ಲವಾದರೂ ಬೇರೆ ಹಬ್ಬಿನ ಜೊತೆ ಅದು ಮಾತಾಡುವಂತಿರಬೇಕು. ಅಣ್ಣನ ಪಟ್ಟಿಯಲ್ಲಿ ಉಳಿದಿದ್ದ ಎರಡರಲ್ಲಿ ಯಾವುದೂ ಮೊದಲನೆಯದನ್ನು ಪೂರ್ತಿ ದಾಟಲಿಲ್ಲ. ಸ್ನೇಹಿತೆಯೊಬ್ಬಳ ನೆರವಿನಿಂದ ಅಂಗೈ ಅಗಲದ ಕಂಪ್ಯೂಟರೊಂದರಲ್ಲಿ ಹೋಮ್ ಅಸಿಸ್ಟೆಂಟ್ ಹಾಕಿ, ಒಂದು ಜಿಗ್‌ಬೀ ಕಡ್ಡಿ ಚುಚ್ಚಿ, ಯುಪಿಎಸ್ಸಿಗೆ ಜೋಡಿಸಿದೆ. ಅಣ್ಣ ಕೊಂಡಿದ್ದ ಸೆನ್ಸರುಗಳು ಅದರ ಜೊತೆಯೂ ಮಾತಾಡಿದವು.

ಗೋಡೆಯ ಕೆಲಸಕ್ಕೆ ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಬಂದರು. ಸ್ಮಾರ್ಟ್ ಬಲ್ಬು ತೆಗೆದು ಸಾದಾ ಬಲ್ಬು ಹಾಕಿ, ಸ್ವಿಚ್ಚಿನ ಹಿಂದೆ ಬೋರ್ಡಿನೊಳಗೆ ಬೆಂಕಿಪೊಟ್ಟಣದಷ್ಟು ಗಾತ್ರದ ರಿಲೇ ಕೂರಿಸಬೇಕಿತ್ತು. ಅದಕ್ಕೆ ನ್ಯೂಟ್ರಲ್ ತಂತಿ ಬೇಕು. ಅಮೆರಿಕದ ಹಳೆಯ ಮನೆಗಳ ಸ್ವಿಚ್ ಪೆಟ್ಟಿಗೆಯಲ್ಲಿ ಅದು ಎಷ್ಟೋ ಕಡೆ ಇರುವುದಿಲ್ಲ ಎಂದು ಓದಿ ಹೆದರಿದ್ದೆ. “ಅದೇ ಬೋರ್ಡಲ್ಲಿ ಪ್ಲಗ್ ಪಾಯಿಂಟ್ ಇದೆಯಲ್ಲ ಮೇಡಂ, ನ್ಯೂಟ್ರಲ್ ಇಲ್ದೆ ಇರುತ್ತಾ?” ಎಂದು ಅವರು ನಕ್ಕರು. ಆಮೇಲೆ ಎಲ್ಲ ಕೇಳಿಸಿಕೊಂಡು, “ಈ ಓಣಿಗೆ ಇಷ್ಟೆಲ್ಲ ಯಾಕೆ? ಪೇಟೆಯಲ್ಲಿ ಸೆನ್ಸರ್ ಲೈಟೇ ಸಿಗುತ್ತೆ. ಅದಕ್ಕೆ ಇಂಟರ್‌ನೆಟ್ಟೂ ಬೇಡ, ಹಬ್ಬೂ ಬೇಡ” ಎಂದರು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಇಷ್ಟು ಓದಿದವಳಿಗೆ ಮೊದಲ ಪ್ರಶ್ನೆ ‘ಹಬ್ ಬೇಕೇ’ ಎಂಬುದು ಎಂದು ಹೊಳೆದಿರಲಿಲ್ಲ. ಓಣಿಗೆ ಆ ಸೆನ್ಸರ್ ಲೈಟನ್ನೇ ಹಾಕಿಸಿದೆ, ಪಕ್ಕದಲ್ಲಿ ಸಾದಾ ಬಲ್ಬು ಮತ್ತು ಅದರ ಸ್ವಿಚ್ಚು. ಹಬ್ಬಿನ ಪಾಲಿಗೆ ಉಳಿದದ್ದು ಸಂಜೆ ಹೊತ್ತಬೇಕಾದ ಗೇಟಿನ ಮತ್ತು ಜಗಲಿಯ ದೀಪಗಳು.

ಇನ್ನೊಂದು ಕೆಲಸವನ್ನೂ ಅದಕ್ಕೆ ಒಪ್ಪಿಸಬೇಕೆಂದಿದ್ದೆ. ಬೆಳಿಗ್ಗೆ ಏಳರವರೆಗೆ ಅಡುಗೆಮನೆಯಲ್ಲಿ ಓಡಾಟ ಕಾಣದಿದ್ದರೆ ನನಗೂ ಅಣ್ಣನಿಗೂ ಸಂದೇಶ ಬರುವಂತೆ ಮಾಡುವುದು. ಈ ಸಲ ಅಮ್ಮನನ್ನು ಕೇಳಿದೆ. ಅವಳು ಪ್ಲಾಸ್ಟರ್ ಬಿಚ್ಚಿದ ಕೈಯನ್ನು ನೀವಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನಾನು ಎದ್ನೋ ಇಲ್ವೋ ಅಂತ ಗೋಡೆ ನೋಡ್ಕೊಂಡು ಹೇಳೋದು ಬೇಡ ಮಗಾ. ನೀನೇ ಫೋನ್ ಮಾಡು.”

ಆ ಸೆನ್ಸರನ್ನು ಡಬ್ಬಿಗೆ ಹಾಕಿ ಇಟ್ಟೆ. ಈಗ ದಿನಾ ಏಳಕ್ಕೆ ನಾನು, ಅಲ್ಲಿಯ ರಾತ್ರಿ ಅಣ್ಣ ಫೋನ್ ಮಾಡುತ್ತೇವೆ. ಹೋದ ವಾರ ಮತ್ತೆ ಕೇಬಲ್ ಹರಿದು ಒಂದೂವರೆ ದಿನ ಇಂಟರ್‌ನೆಟ್ ಇರಲಿಲ್ಲವಂತೆ. ಗೇಟಿನ ದೀಪ ಸರಿಯಾಗಿ ಹೊತ್ತಿತ್ತಾ ಎಂದು ಕೇಳಿದೆ. ಹೊತ್ತಿತ್ತಪ್ಪ, ಇಂಟರ್‌ನೆಟ್ ಹೋಗಿದ್ದೇ ಗೊತ್ತಾಗಲಿಲ್ಲ, ಪಕ್ಕದ ಮನೆಯವರು ಹೇಳಿದ ಮೇಲೆ ಗೊತ್ತಾಯಿತು ಎಂದಳು. ಓಣಿಯ ಸ್ವಿಚ್ಚಿನ ಮೇಲೆ ಟೇಪಿನ ಅಂಟು ಇನ್ನೂ ಪಟ್ಟಿಯಂತೆ ಉಳಿದು ಧೂಳು ಹಿಡಿದಿದೆ. ಸೆನ್ಸರ್ ಲೈಟು ತಾನೇ ಹೊತ್ತಿಕೊಂಡರೂ ಅಮ್ಮ ಆ ಸ್ವಿಚ್ಚನ್ನು ಒಮ್ಮೆ ಒತ್ತಿಯೇ ಮೆಟ್ಟಿಲು ಇಳಿಯುತ್ತಾಳೆ.